ಅಡುಗೆಮನೆಯ ಕಲ್ಲವ್ವ

ಹಳೆಯ ಎಣ್ಣೆಯ ಕಮಟು ವಾಸನೆಗೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಇನ್ನಷ್ಟು ಹತ್ತಿರ ಹೋಗಿ ನಿಲ್ಲುತ್ತೇನೆ. ಹಂಪಿ ಬಜಾರಿನ ಕಲ್ಲುಮಂಟಪದಲ್ಲಿದ್ದ ನಮ್ಮ ಮನೆಗೆ ಅದೇ ವಾಸನೆ ಇತ್ತು. ಮನೆ ಎಂದರೇನು, ರಾಜರ ಕಾಲದ ಸಾಲುಗಂಬಗಳ ನಡುವೆ ನಮ್ಮ ಹಿರಿಯರು ಮಣ್ಣಿನ ಗೋಡೆ ಎಬ್ಬಿಸಿ, ಬಾಗಿಲು ಕೂಡಿಸಿ, ಒಲೆ ಹೂಡಿದ್ದರು, ಅಷ್ಟೇ. ಮುಂದೆ ಅಪ್ಪನ ಕಾಯಿ ಕರ್ಪೂರದ ಅಂಗಡಿ, ಹಿಂದೆ ಅಡುಗೆಮನೆ. ತಲೆಯ ಮೇಲಿನ ಹಾಸುಗಲ್ಲು ಮಧ್ಯಾಹ್ನ ಕಾದರೆ ದೀಪ ಹಚ್ಚುವ ಹೊತ್ತಾದರೂ ಆರುತ್ತಿರಲಿಲ್ಲ. ಒಲೆಯ ಪಕ್ಕದ ಗೋಡೆಯಲ್ಲಿ ನನ್ನೆತ್ತರದ ಒಂದು ಕೆತ್ತಿದ ಕಲ್ಲಿತ್ತು. ಕೈ ಮೇಲೆತ್ತಿ ನಿಂತ ಒಬ್ಬಳು. ಹೊಗೆ, ಎಣ್ಣೆ, ಬೆಣ್ಣೆ ಮೆತ್ತಿ ಮೆತ್ತಿ ಅವಳ ಮೂಗು, ಬಾಯಿ ಎಲ್ಲ ಕಪ್ಪಾಗಿ ಒಂದಾಗಿದ್ದವು. ನಾವು ಅವಳನ್ನು ಕಲ್ಲವ್ವ ಎನ್ನುತ್ತಿದ್ದೆವು.

ನಮ್ಮ ಮನೆಯ ಬಸುರಿಯರು ಒಂಬತ್ತನೇ ತಿಂಗಳಲ್ಲಿ ಕಲ್ಲವ್ವನ ಬಾಯಿಗೆ ಬೆಣ್ಣೆ ಹಚ್ಚಿ, ಅವಳಿಗೆ ಬೆನ್ನು ಆನಿಸಿ ಕೂಡಬೇಕಿತ್ತು. ಬೆನ್ನು ತಣ್ಣಗಾಗುವವರೆಗೆ ಏಳುವಂತಿರಲಿಲ್ಲ. ಅಪ್ಪನ ತಂಗಿ ಗೌರಿ ಅತ್ತೆಯನ್ನು ಕಂಪ್ಲಿಗೆ ಕೊಟ್ಟಿದ್ದರು. ಮೊದಲಿನ ಎರಡು ಹೆರಿಗೆ ಗಂಡನ ಮನೆಯಲ್ಲೇ ಆಗಿ, ಎರಡೂ ಕೂಸು ಉಳಿದಿರಲಿಲ್ಲ. ಮೂರನೇ ಸಲ ಅವಳು ಹಟ ಹಿಡಿದು ತವರಿಗೆ ಬಂದಳು. ಬಂದವಳೇ ಚೀಲ ಕೂಡ ಇಳಿಸದೆ ನೆಟ್ಟಗೆ ಅಡುಗೆಮನೆಗೆ ಹೋಗಿ ಕಲ್ಲವ್ವನ ಮುಂದೆ ನಿಂತು ಅತ್ತದ್ದನ್ನು ನಾನು ನೋಡಿದ್ದೇನೆ. ಆಗ ನನಗೆ ಎಂಟು ವರ್ಷ.

ಅತ್ತೆಗೆ ಎಂಟು ತಿಂಗಳು ತುಂಬುವುದರೊಳಗೆ ಹಳೆಯ ಕಲ್ಲುಗಳನ್ನು ಕೂಡಿಹಾಕುವ ಸರ್ಕಾರಿ ಇಲಾಖೆಯ ಗುಮಾಸ್ತ ಬಂದ. ಇಂಥವೆಲ್ಲ ಆನೆ ಲಾಯದಲ್ಲಿ ಇರಬೇಕು, ದೂರದಿಂದ ಬಂದವರು ನೋಡಬೇಕು ಎಂದ. ಅಪ್ಪ ಕೈ ಮುಗಿದ. ಅಜ್ಜಿ ಕಲ್ಲಿಗೆ ಅಡ್ಡ ನಿಂತಳು. ಆದರೆ ಆಳುಗಳು ಗೋಡೆಯನ್ನು ಆಚೆ ಕಡೆಯಿಂದ ಒಡೆದರು. ಹಾರೆಯ ಒಂದೊಂದು ಏಟಿಗೂ ಗೌರಿ ಅತ್ತೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಆ ಗುಮಾಸ್ತನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವನು ಕೆಟ್ಟವನೇನಲ್ಲ, ಆದರೂ ಕ್ಷಮಿಸಿಲ್ಲ.

ಒಂಬತ್ತನೇ ತಿಂಗಳು ಬಿದ್ದ ಮೊದಲ ಸೋಮವಾರ ಅಜ್ಜಿ ಬಂಡಿ ಕಟ್ಟಿಸಿದಳು. ಬಟ್ಟಲಲ್ಲಿ ಬೆಣ್ಣೆ, ಬಂಡಿಯಲ್ಲಿ ಮೆತ್ತಗೆ ಹುಲ್ಲು ಹಾಸಿ ಅದರ ಮೇಲೆ ಅತ್ತೆ, ಅವಳ ಕೈ ಹಿಡಿಯಲು ನಾನು. ಆನೆ ಲಾಯದ ಕಮಾನಿನ ಕೆಳಗೆ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ನಮ್ಮ ಕಲ್ಲವ್ವ ಎಲ್ಲಿಯೂ ಕಾಣಲಿಲ್ಲ. ಗುಮಾಸ್ತನೇ ಬಂದು ತೋರಿಸಿದ. ಬಿಸಿನೀರು ಹಾಕಿ ತಿಕ್ಕಿಸಿದ್ದರಂತೆ. ಅಷ್ಟು ತಲೆಮಾರುಗಳ ಮಸಿ ಹೋಗಿ ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಮೇಲೆತ್ತಿದ ಕೈಯಲ್ಲಿ ಕತ್ತಿ ಇತ್ತು. ತುಟಿಯ ಮೇಲೆ ದಪ್ಪ ಮೀಸೆ.

"ಅಜ್ಜೀ, ಇದು ಹೆಂಗಸಲ್ಲ. ಕಾಳಗದಾಗ ಸತ್ತ ಯಾವನೋ ವೀರ. ಮೀಸಿ ನೋಡ್ರಿ," ಎಂದ ಗುಮಾಸ್ತ.

ಅಜ್ಜಿ ಆ ಮುಖ ನೋಡಿದಳು. ಆಮೇಲೆ ಬಟ್ಟಲಿಗೆ ಬೆರಳು ಅದ್ದಿ ಮೀಸೆಯ ಕೆಳಗೆ ಬೆಣ್ಣೆ ಹಚ್ಚಿದಳು.

"ಇದ್ರ ಇರ್ಲಿ ಬಿಡ್ರಿ. ನಮ್ಮವ್ವಗ ಮೀಸಿ ಅದಾವು."

"ಮುಟ್ಟಬಾರದ್ರೀ, ಸರ್ಕಾರದ್ದು."

"ನೀವು ಒಂದು ದಿನ ತೊಳದೀರಿ. ನಾವು ಇಷ್ಟು ದಿನ ಉಣಿಸೀವಿ. ಗೌರೀ, ಕುಂದ್ರು ನೀನು."

ಅತ್ತೆ ಕುಳಿತಳು. ಗುಮಾಸ್ತ ಅವಳ ಹೊಟ್ಟೆ ನೋಡಿದ, ಆಚೆ ತಿರುಗಿ ನಿಂತ. ಬೆನ್ನು ತಣ್ಣಗಾಗಲು ಅವತ್ತು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಹದಿನೈದು ದಿನಕ್ಕೆ, ಮುರಿದ ಗೋಡೆಗೆ ಸೀರೆ ಕಟ್ಟಿದ ಅದೇ ಅಡುಗೆಮನೆಯಲ್ಲಿ, ಅತ್ತೆ ಹೆಣ್ಣು ಹೆತ್ತಳು. ಕೂಸು ಉಳಿಯಿತು. ಕಲ್ಲಿನಿಂದ ಉಳಿಯಿತೋ ಸೂಲಗಿತ್ತಿಯ ಕೈಗುಣದಿಂದಲೋ ಎಂದು ಕೇಳುವವರು ಕೇಳಲಿ, ನಾನು ಉತ್ತರ ಕೊಡುವುದಿಲ್ಲ.

ಮುಂದೆ ಸರ್ಕಾರ ಹೇಳಿತೆಂದು ಮಂಟಪವನ್ನೂ ಬಿಡಬೇಕಾಯಿತು. ಕಡ್ಡಿರಾಂಪುರದಲ್ಲಿ ಹೆಂಚಿನ ಮನೆ ಮಾಡಿದೆವು. ಅಜ್ಜಿ ಅಲ್ಲಿ ನಾಲ್ಕು ವರ್ಷ ಬದುಕಿದಳು. ಆ ಗೋಡೆಗೆ ಒಮ್ಮೆಯೂ ಒರಗಿ ಕುಳಿತವಳಲ್ಲ. ಅವಳು ಹೋದಳು, ಅಪ್ಪ ಹೋದ, ಅತ್ತೆಯೂ ಹೋದಳು. ಈಗ ಬಜಾರಿನಲ್ಲಿ ಬರೀ ಕಂಬಗಳಿವೆ, ಮಣ್ಣಿನ ಗೋಡೆಯ ಗುರುತೂ ಇಲ್ಲ. ಹಾಳು ಹಂಪಿ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ನಾವು ದಿನಾ ಮೂರು ಹೊತ್ತು ಒಲೆ ಹಚ್ಚುತ್ತಿದ್ದ ಜಾಗ ಹೇಗೆ ಹಾಳಾದೀತು?

ಮೊನ್ನೆ ಹೋಗಿದ್ದೆ. ಊರು ತೋರಿಸುವವನೊಬ್ಬ ಹತ್ತು ಜನರನ್ನು ಕಂಬಗಳ ನಡುವಿನ ನಮ್ಮ ಅಂಕಣದೊಳಗೆ ನಿಲ್ಲಿಸಿ, ಇಲ್ಲಿ ಮುತ್ತು ರತ್ನ ಮಾರುತ್ತಿದ್ದರು, ಆಮೇಲೆ ಖಾಲಿ ಬಿತ್ತು ಎಂದು ಹೇಳುತ್ತಿದ್ದ. ನಾನು ಕೋಲು ಊರಿಕೊಂಡು ಅವರ ನಡುವೆ ಹೋಗಿ ನಿಂತೆ.

"ಇದು ನಮ್ಮ ಅಡಗಿಮನಿ. ಚಪ್ಪಲಿ ಹೊರಗ ಬಿಟ್ಟು ಬರ್ರಿ," ಎಂದೆ.

ಕೆಲವರು ನಕ್ಕರು. ಒಬ್ಬಳು ಹೆಂಗಸು ನನ್ನ ಮುಖ ನೋಡಿ, ಬಗ್ಗಿ, ಚಪ್ಪಲಿ ಬಿಚ್ಚಿದಳು.