ನಾಗಣಸೂರಿನ ಹೊಲದಲ್ಲಿ ಬಿದ್ದ ಉಂಗುರ

ಮಲಕಾಜಪ್ಪ ಶುದ್ಧ ಬಡಾಯಿಕೋರ. ಅವನ ಬಗ್ಗೆ ಇದಕ್ಕಿಂತ ಮೃದುವಾದ ಮಾತು ನನಗೆ ಹೊಳೆದಿಲ್ಲ.

ಸೋಲಾಪುರದ ನವಿ ಪೇಠದ ಹಿಂದೆ ನಮ್ಮ ಪಕ್ಕದ ಮನೆ ಅವನದು. ಎಪ್ಪತ್ತೊಂದರ ಯುದ್ಧದಲ್ಲಿ ನೆಲದೊಳಗಿನ ಬಾಂಬುಗಳನ್ನು ತೆಗೆದವನು. ಸೈನ್ಯ ಗುಜರಿಗೆ ಹಾಕಿದ್ದ ಬಾಂಬು ಹುಡುಕುವ ಯಂತ್ರವೊಂದನ್ನು ಹರಾಜಿನಲ್ಲಿ ಕೊಂಡು, ರಿಪೇರಿ ಮಾಡಿ, ಜನ ಕಳೆದುಕೊಂಡ ಉಂಗುರಗಳನ್ನು ಹುಡುಕತೊಡಗಿದ. ಯಾರ ಅನುಮತಿಯಿಂದ ಎಂದು ಪೊಲೀಸ್ ಹವಾಲ್ದಾರನೊಬ್ಬ ಕೇಳಿದ್ದಕ್ಕೆ, ಬಾಂಬು ಹುಡುಕುವಾಗ ಯಾರೂ ಕೇಳಲಿಲ್ಲ ಎಂದು ಹೇಳಿ ಕಳಿಸಿದ್ದ. ಉಂಗುರ ಸಿಕ್ಕರೆ ತಲೆಯ ಮೇಲೆ ಎತ್ತಿ ಹಿಡಿದು ಬೀದಿಯನ್ನೆಲ್ಲ ಕೂಗುತ್ತಿದ್ದ. ಯಂತ್ರದ ಸದ್ದು ಕೇಳುವ ಹೆಡ್‌ಫೋನನ್ನು ಮಾತ್ರ ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ.

ಎಪ್ಪತ್ನಾಲ್ಕರ ಹಿಂಗಾರಿನಲ್ಲಿ ಅವನನ್ನು ನಾಗಣಸೂರಿಗೆ ಕರೆದೊಯ್ದವಳು ನಾನು. ಅಲ್ಲಿ ನನ್ನ ಸೋದರತ್ತೆಯ ಮಗಳು ನೀಲಾಬಾಯಿಯದು ದೊಡ್ಡ ಒಕ್ಕಲುತನ. ಅವಳ ಸೊಸೆ ಗುರುಲಿಂಗಮ್ಮನ ಮದುವೆಯ ಉಂಗುರ ಕಾಣೆಯಾಗಿತ್ತು. ಅದನ್ನು ಸಲಗರದ ತವರಿಗೆ, ತಮ್ಮನಿಗೆ ದಾಟಿಸಿದ್ದಾಳೆ ಎಂಬುದು ಅತ್ತೆಯ ಆರೋಪ. ಉಂಗುರ ತರುವ ತನಕ ತವರಲ್ಲೇ ಇರಲಿ ಎಂಬುದು ಅಪ್ಪಣೆ. ಸೊಸೆಯ ಉತ್ತರ ಬೇರೆ. ಜೋಳ ಬಿತ್ತುವಾಗ ಕೂರಿಗೆಗೆ ಬೀಜ ಹಾಕುತ್ತಿದ್ದವಳು ತಾನೇ. ಬೇವಿನ ಗಿಡದ ಹತ್ತಿರ ಎತ್ತು ಹೊರಳಿದಾಗ ಕೂರಿಗೆಯ ಬಟ್ಟಲಿನಲ್ಲಿ ಬೀಜ ಇಳಿಯುವ ತೂತು ಕಟ್ಟಿತು, ಬೆರಳು ಹಾಕಿ ತಿವಿದೆ, ಬಾಣಂತನದಲ್ಲಿ ಬೆರಳು ಸಣ್ಣಗಾಗಿತ್ತು, ಉಂಗುರ ಬೀಜದ ಜೊತೆ ಮಣ್ಣಿಗೆ ಹೋಯಿತು ಎಂದಳು. ಅವಳು ಮನೆ ಬಿಟ್ಟು ಕದಲಲಿಲ್ಲ.

"ನಾ ತವರಿಗೆ ಹೋದ್ನಂದ್ರ ಕೊಟ್ಟೀನಂತ ಒಪ್ಪಿದಂಗ ಆಗ್ತದರಿ, ದೊಡ್ಡಮ್ಮ," ಎಂದಳು ನನಗೆ. "ಹೋಗಂಗಿಲ್ಲ."

ಯಂತ್ರ ಬರಲು ನೀಲಾಬಾಯಿ ಒಪ್ಪಿದ್ದೂ ಸೊಸೆಯ ಸುಳ್ಳು ಊರಿಗೇ ಕಾಣಲಿ ಎಂದು. ಆದ್ದರಿಂದ ಬದುವಿನ ತುಂಬ ಜನ. ಮಲಕಾಜಪ್ಪನಿಗೆ ಬೇಕಾದದ್ದೂ ಅದೇ.

ಗುರುಲಿಂಗಮ್ಮ ಬೇವಿನ ಕಡೆ ಕೈ ತೋರಿಸಿದಳು. ಯಂತ್ರಕ್ಕೆ ಯಾರೂ ದಾರಿ ಹೇಳಬೇಕಾಗಿಲ್ಲ ಎಂದು ಅವನು ಇನ್ನೊಂದು ತುದಿಯಿಂದ ಶುರುಮಾಡಿದ. ಮೊಳಕೆ ಸಾಲುಗಳ ನಡುವೆ ಎತ್ತಿನ ಗೊರಸಿನ ನಾಲು ಸಿಕ್ಕಿತು, ಮೊಳೆ ಸಿಕ್ಕಿತು, ಮುರಿದ ಕುಡಗೋಲು ಸಿಕ್ಕಿತು.

"ಫೌಜಿ, ಒಂದು ಬಾಂಬರ ತೆಗಿಯೋ," ಎಂದ ಬದುವಿನಲ್ಲಿ ಕೂತಿದ್ದ ಬಸಯ್ಯ. ಎಲ್ಲರೂ ನಕ್ಕರು. ನೀಲಾಬಾಯಿ ಸಲಗರದ ಬಸ್ಸು ಎಷ್ಟಕ್ಕೆ ಎಂದು ಗಟ್ಟಿಯಾಗಿ ವಿಚಾರಿಸಿದಳು. ಸೊಸೆ ಮಗುವನ್ನು ಕಂಕುಳಲ್ಲಿ ಹೊತ್ತು ಬಿಸಿಲಿನಲ್ಲಿ ನಿಂತೇ ಇದ್ದಳು.

ಹೊತ್ತು ಇಳಿಯುವಾಗ ಅವನು ಬೇವಿನ ಹತ್ತಿರ ಬಂದ. ಯಂತ್ರದ ಕೋಲು ನಿಂತಿತು, ಸ್ವಲ್ಪ ಹಿಂದೆ ಹೋಯಿತು, ಮತ್ತೆ ನಿಂತಿತು. ಕೂಗುತ್ತಾನೆ ಎಂದುಕೊಂಡೆ. ಕೂಗಲಿಲ್ಲ. "ಬಾರವ್ವಾ ಇಲ್ಲಿ," ಎಂದು ಗುರುಲಿಂಗಮ್ಮನನ್ನು ಕರೆದು, ಹೆಡ್‌ಫೋನು ತೆಗೆದು ಅವಳ ಕಿವಿಗೇ ಹಾಕಿದ. ಅಗೆಯುವ ಖುರ್ಪಿಯನ್ನೂ ಅವಳ ಕೈಗೆ ಕೊಟ್ಟ.

ಅವಳು ಮಗುವನ್ನು ನನಗೆ ಕೊಟ್ಟು ಕೂತು ಅಗೆದಳು. ಒಂದು ಹೆಂಟೆಯನ್ನು ಒಡೆದಾಗ ಉಂಗುರ ಬಂತು. ಅದನ್ನು ಒರೆಸಲೂ ಇಲ್ಲ. ಮಣ್ಣಿನ ಸಮೇತ ಅತ್ತೆಯ ಮುಂದೆ ಹಿಡಿದಳು.

ನೀಲಾಬಾಯಿ, ಆಯಿತಲ್ಲ, ಬೆರಳಿಗೆ ಹಾಕಿಕೋ, ಮನೆಗೆ ನಡಿ ಎಂದಳು.

"ಮೊದಲ ಇವ್ರಿಗೆಲ್ಲಾ ಹೇಳ್ರಿ, ಅತ್ತಿ. ನನ್ನ ತಮ್ಮ ಕಳ್ಳ ಅಲ್ಲಂತ. ಆಮ್ಯಾಲ ಹಾಕ್ಕೊಂತೀನಿ."

ಬದುವಿನ ಮೇಲೆ ಯಾರೂ ನಗಲಿಲ್ಲ. ನೀಲಾಬಾಯಿ ಹೇಳಿದಳು. ಮೆಲ್ಲಗೆ ಹೇಳಿದಳು, ಕೇಳಲಿಲ್ಲ ಎಂದು ಸೊಸೆ ಅಂದಾಗ ಇನ್ನೊಮ್ಮೆ ಹೇಳಿದಳು.

ಆಮೇಲೆ ಬಸಯ್ಯ ಮಲಕಾಜಪ್ಪನನ್ನು ಹುಡುಕಿಕೊಂಡು ಹೋಗಿ, ಫೌಜಿ, ನೀನು ದೊಡ್ಡವನಪ್ಪ ಎಂದು ಹೊಗಳಿದ. ಮಲಕಾಜಪ್ಪ ಬೇವಿನ ಆಚೆ ಎಲ್ಲರಿಗೂ ಬೆನ್ನು ಮಾಡಿ ಕೂತು ವೈರು ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ನಾ ಏನೂ ಹುಡುಕಿಲ್ಲಪಾ," ಎಂದ. "ಆಕಿ ಹೇಳಿದ ಜಾಗಾದಾಗ ಇತ್ತು."