ಬ್ರೌನ್ ಹೆಸರಿನಲ್ಲಿ ಆಡಿದ ಪ್ರಿಚರ್ಡ್

ಉಕ್ಕಿನ ಕಾರ್ಖಾನೆಯ ಬೆಳಗಿನ ಸೀಟಿ ಇನ್ನೂ ಕೂಗಿಲ್ಲ. ಓಹಾಯೋ ನದಿಯ ಮಂಜು ಶಾಲೆಯ ಮೈದಾನವನ್ನು ಅರ್ಧ ನುಂಗಿ ಕೂತಿದೆ. ಅದರ ಹೊಟ್ಟೆಯೊಳಗಿಂದ ಮೊದಲು ಕುಂಟು ಹೆಜ್ಜೆಯ ಸದ್ದು, ಆಮೇಲೆ ಮನುಷ್ಯ. ಎಮ್ಲಿನ್ ಪ್ರಿಚರ್ಡ್ ಸುಣ್ಣದ ಗಾಡಿ ತಳ್ಳುತ್ತ ಅಮೆರಿಕನ್ ಫುಟ್‌ಬಾಲ್ ಅಂಕಣಕ್ಕೆ ಗೆರೆ ಎಳೆಯುತ್ತಿದ್ದಾರೆ, ಐದು ಗಜಕ್ಕೊಂದು. ವಯಸ್ಸು ಐವತ್ತು; ಎಡ ಮೊಣಕಾಲು ಮಡಚುವುದಿಲ್ಲ.

ಎಲೆ ಉದುರಿದರೆ ಫುಟ್‌ಬಾಲ್, ಹಿಮ ಬಿದ್ದರೆ ಬಾಸ್ಕೆಟ್‌ಬಾಲ್, ಬಿಸಿಲಿಗೆ ಬೇಸ್‌ಬಾಲ್: ಮೂರನ್ನೂ ದುಡ್ಡಿಗೆ ಆಡಿದ ಮೊದಲಿಗರಲ್ಲಿ ಇವರೊಬ್ಬರು. ಈಗ ಮೂರನ್ನೂ ಕಲಿಸುತ್ತಾರೆ. ಹುಡುಗರು ಮೂವತ್ತೆರಡು, ಚರ್ಮದ ತಲೆಗವಸು ಹದಿನಾಲ್ಕು. "ತಲೆಯಲ್ಲಿ ಏನಾದ್ರೂ ಇರೋರಿಗೆ ಮೊದಲು ಕೊಡ್ತೀನಿ. ಒಂದೊಂದು ವರ್ಷ ಗವಸೇ ಮಿಗುತ್ತೆ!"

ಇಪ್ಪತ್ತೈದು ವರ್ಷದ ಹಿಂದೆ ಪ್ರಿಚರ್ಡ್ ಕಾಲೇಜಿನಲ್ಲಿದ್ದರು. ದುಡ್ಡಿಗೆ ಆಡುವ ವಿದ್ಯಾರ್ಥಿಯನ್ನು ಕಾಲೇಜು ಹೊರಹಾಕುತ್ತಿದ್ದ ಕಾಲ. ಹಾಗೆ ಆಡುವ ಎಲ್ಲರಂತೆ ಇವರೂ ಭಾನುವಾರದ ದುಡ್ಡಿನ ಆಟಕ್ಕೆ ಒಂದು ಸುಳ್ಳು ಹೆಸರು ಇಟ್ಟುಕೊಂಡರು: ಜೆ. ಬ್ರೌನ್. ಆ ಬ್ರೌನ್ ಚೆಂಡು ಅವಚಿಕೊಂಡು ಓಡಿದ ಒಂದೇ ಓಟದಿಂದ ಊರಿನ ತಂಡ ನದಿಯಾಚೆಯವರನ್ನು ಸೋಲಿಸಿ ಕಪ್ ತಂದಿತು. ಸುದ್ದಿ ಕಾಲೇಜಿಗೆ ಮುಟ್ಟಿತು. ಬ್ರೌನ್ ಮಾಡಿದ ತಪ್ಪಿಗೆ ಪ್ರಿಚರ್ಡ್ ಹೊರಬಿದ್ದರು.

ಬರುವ ಶನಿವಾರ ಆ ತಂಡದ ನೆನಪಿಗೆ ಮೈದಾನದಲ್ಲಿ ಕಲ್ಲು ನಿಲ್ಲುತ್ತದೆ. ಕೆತ್ತಬೇಕಾದ ಹೆಸರು ಹನ್ನೊಂದು. ಪಟ್ಟಿಯಲ್ಲಿ ಪ್ರಿಚರ್ಡ್ ಇಲ್ಲ, ಬ್ರೌನ್ ಇದ್ದಾನೆ. ಪಟ್ಟಿ ಮಾಡಿದವರು ಅಂದಿನ ಜೊತೆಯಾಟಗಾರ, ಇಂದಿನ ಕ್ಷೌರಿಕ ಓಟೋ ಕೆಸ್ಲರ್. ಪ್ರಿಚರ್ಡ್ ಓಟೋನ ಅಂಗಡಿಗೇ ಹೋಗಿ ಕೇಳಿದರು.

"ಅದು ನಾನೇ ಅಂತ ನಿಂಗೊತ್ತಲ್ಲೋ ಓಟೋ. ಅವತ್ತು ಮುರಿದ ನನ್ನ ಮೂಗು ಕೂರಿಸಿದ್ದೇ ನೀನು."

"ಸೊಟ್ಟಗೆ ಕೂರಿಸಿದೆ, ಗೊತ್ತು ಕಣೋ. ಆದ್ರೆ ಸುಳ್ಳು ಹೆಸರಲ್ಲಿ ಕಾಲೇಜು ಹುಡುಗನ್ನ ಬಾಡಿಗೆಗೆ ಇಟ್ಕೊಂಡು ಗೆದ್ವಿ ಅಂತ ಈಗ ಕಲ್ಲಲ್ಲಿ ಕೆತ್ತಿದ್ರೆ ಆಚೆ ದಡದೋರು ಸುಮ್ನಿರ್ತಾರಾ? ಕಪ್ ವಾಪಸ್ ಕೊಡಿ ಅಂತಾರೆ. ಬ್ರೌನ್ ಸತ್ತ ಅಂದ್ಕೋ. ಸತ್ತೋರಿಗೆ ಮರ್ಯಾದೆ ಜಾಸ್ತಿ."

ಕುರ್ಚಿಯಲ್ಲಿ ಕೂತವರೆಲ್ಲ ನಕ್ಕರು. ಪ್ರಿಚರ್ಡ್ ಟೋಪಿ ಹಾಕಿಕೊಂಡು ಹೊರಬಂದರು.

ಮನೆಯಲ್ಲಿ ಹೆಂಡತಿ ಗ್ವೆನ್ ಇಂದಿಗೂ ನಕ್ಕಿಲ್ಲ. "ಆ ಅಂಗಿಯ ರಕ್ತ ತೊಳೆದೋಳು ನಾನು, ಮಿಸೆಸ್ ಬ್ರೌನ್ ಅಲ್ಲ," ಎಂದು ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕುತ್ತಾರೆ.

ಕಾಲೇಜಿಗೆ ಇವರು ಬ್ರೌನ್, ಊರಿಗೆ ಬ್ರೌನ್ ಅಲ್ಲ. ಹಾಗಾದರೆ ಇನ್ನೇನು ಆಸೆ? ಕೇಳಿದರೆ ಪ್ರಿಚರ್ಡ್ ಕೈಯ ಸುಣ್ಣ ಒರೆಸಿಕೊಳ್ಳುತ್ತಾರೆ.

"ನನ್ನ ಹೆಸರು ಬೇಡ ಬಿಡಿ. ಬ್ರೌನ್‌ದೂ ಬೇಡ. ಹತ್ತೇ ಹೆಸರು ಕೆತ್ತಲಿ. ಹತ್ತು ಜನ ಫುಟ್‌ಬಾಲ್ ಆಡಲ್ಲ ಅಂತ ಈ ಊರಲ್ಲಿ ಹಾಲು ಕುಡಿಯೋ ಕೂಸಿಗೂ ಗೊತ್ತು. ಒಂದಲ್ಲ ಒಂದು ದಿನ ಯಾರಾದ್ರೂ ಕೇಳೇ ಕೇಳ್ತಾರೆ."