ಸೊನ್ನೆಯನ್ನು ಒಪ್ಪದವರು: ಶ್ರೀಮತಿ ಶೆ ಫೆಂಗ್ಲಾನ್

ಒಂದು ಟನ್ ಮೆಗ್ನೀಷಿಯಂ ಮಿಶ್ರಲೋಹ ತಯಾರಾಗಬೇಕಾದರೆ ಡಾಲಮೈಟ್ ಕಲ್ಲು ಹನ್ನೊಂದು ಟನ್ ಬೇಕು. ಅದಕ್ಕೆ ಸಾವಿರದ ನೂರು ಯುವಾನ್. ಫೆರೋಸಿಲಿಕಾನ್ ಒಂದು ಟನ್ನಿಗಿಂತ ತುಸು ಹೆಚ್ಚು. ಏಳು ಸಾವಿರದ ಮುನ್ನೂರೈವತ್ತು. ಫ್ಲೋರೈಟ್ ಪುಡಿ ಮತ್ತು ಚಿಲ್ಲರೆ ಸಾಮಾನು ಇನ್ನೂರೈವತ್ತು, ಕರೆಂಟು ಆರುನೂರು, ಕೂಲಿ ಸಾವಿರದ ಇನ್ನೂರು, ಕುಲುಮೆಯೊಳಗಿನ ಉಕ್ಕಿನ ಕೊಳವೆಗಳ ಸವಕಳಿ ಐನೂರು, ಅಲ್ಯೂಮಿನಿಯಂ ಮತ್ತು ಸತು ಬೆರೆಸಿ ಮತ್ತೊಮ್ಮೆ ಕರಗಿಸುವ ಖರ್ಚು ಎರಡು ಸಾವಿರ. ಕುಲುಮೆ ಉರಿಸುವ ಗ್ಯಾಸು, ಸೊನ್ನೆ. ಒಟ್ಟು ಹದಿಮೂರು ಸಾವಿರ. ಮಾರುಕಟ್ಟೆಯಲ್ಲಿ ಆಗಿನ ಬೆಲೆ ಹದಿನಾರು ಸಾವಿರ.

ಕೆಲವು ವರ್ಷಗಳ ಹಿಂದೆ ಮಿಶ್ರಲೋಹ ಕಾರ್ಖಾನೆಯ ಮಾಲೀಕ ಗಾವ್ ಝಾನ್‌ಕುಯಿ ಅವರು ಶಿಗೌ ಹಳ್ಳಿಯ ಜನರ ಮುಂದೆ ಇಟ್ಟ ಲೆಕ್ಕವಿದು. ಕೇಳಿದವರೆಲ್ಲ ತಲೆದೂಗಿದರು. ಆ ಸೊನ್ನೆಯನ್ನು ಒಪ್ಪದೆ ಎದ್ದು ನಿಂತವರು ಒಬ್ಬರೇ, ಕಾರ್ಖಾನೆಗಳ ಖರ್ಚಿನ ಲೆಕ್ಕ ಪರಿಶೀಲಿಸುವ ಕೆಲಸದಿಂದ ಇಂದು ನಿವೃತ್ತರಾಗುತ್ತಿರುವ ಶ್ರೀಮತಿ ಶೆ ಫೆಂಗ್ಲಾನ್ ಅವರು.

ನಮ್ಮ ಫೂಗೂ ಸೀಮೆಯಲ್ಲಿ ಮೆಗ್ನೀಷಿಯಂ ಕುಲುಮೆಗೆ ದುಡ್ಡು ಹಾಕಹೊರಟವರು ಬಡ್ಡಿ ಎಷ್ಟು, ಪಾಲು ಎಷ್ಟು ಎಂದು ವಿಚಾರಿಸುವ ಮೊದಲು "ಫೆಂಗ್ಲಾನಕ್ಕ ನೋಡಿದ್ದಾರಾ?" ಎಂದು ಕೇಳುವುದುಂಟು. ಅವರ ಕ್ಷೇತ್ರದಲ್ಲಿ ಅವರ ಸ್ಥಾನವೇನು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ. ಆದರೆ ಈ ಅಭಿನಂದನ ಸಂಪುಟದ ಸಂಪಾದಕರು ಲೇಖನ ಕೇಳಿದಾಗ, ಶುಭ ಸಂದರ್ಭವಾದ್ದರಿಂದ ಶಿಗೌ ವಿಷಯ ಬಿಟ್ಟು ಬರೆದರೆ ಒಳ್ಳೆಯದು ಎಂದು ವಿನಯದಿಂದ ಸೂಚಿಸಿದರು. ಅದನ್ನು ಬಿಡುವುದಾದರೆ ನನ್ನ ಲೇಖನವನ್ನೂ ಬಿಡಿ ಎಂದು ನಾನೂ ಅಷ್ಟೇ ವಿನಯದಿಂದ ಹೇಳಿದೆ.

ನಾನು ಅವರ ಕಚೇರಿಗೆ ಬಂದದ್ದು ಕುಲುಮೆಯಿಂದ. ಹತ್ತು ವರ್ಷ ಕೊಳವೆಗಳಿಂದ ಬಿಸಿ ಬೂದಿ ಎಳೆದು ನನ್ನ ಬೆನ್ನು ಹೋಗಿತ್ತು. ಯಾರೂ ಕೆಲಸ ಕೊಡದ ದಿನಗಳಲ್ಲಿ ಅವರು ನನ್ನನ್ನು ಕೂರಿಸಿಕೊಂಡು ಕೇಳಿದ ಪ್ರಶ್ನೆ ಒಂದೇ.

"ಕೊಳವೆ ಸಾಯೋ ಮುಂಚೆ ಹೇಗಿರುತ್ತೆ, ಲಿಯೂ?"

"ಮೊದಲು ಸೊಂಟ ಒಳಕ್ಕೆ ಹೋಗುತ್ತೆ ಅಕ್ಕಾ. ಒಳಗೆ ಗಾಳಿ ಇರಲ್ವಲ್ಲ, ಹೊರಗಿಂದ ಒತ್ತುತ್ತೆ. ಆಮೇಲೆ ತೂತು."

"ಸೊಂಟ ಹೋದ ಮೇಲೂ ಮಾಲೀಕರು ಉರಿಸ್ತಾರಾ?"

"ಸಾಲ ಇದ್ದೋರು ಉರಿಸ್ತಾರೆ."

"ಸರಿ, ಸೋಮವಾರದಿಂದ ಬಾ. ಬೆನ್ನಿಗೆ ದಿಂಬು ನೀನೇ ತಗೊಂಡು ಬಾ, ಅದನ್ನೂ ಕಚೇರಿ ಖರ್ಚಿಗೆ ಹಾಕಬೇಡ."

ಅವರು ಕೆಲಸ ಮಾಡುವ ರೀತಿಯೇ ಬೇರೆಯಾಗಿತ್ತು. ಯಾವ ಕಾರ್ಖಾನೆಗೆ ಹೋದರೂ ಮಾಲೀಕರ ಕೋಣೆಗೆ ಮೊದಲು ಕಾಲಿಡುತ್ತಿರಲಿಲ್ಲ. ನೇರವಾಗಿ ಹಿತ್ತಲಿಗೆ ನಡೆದು, ಬಿಸಾಡಿದ ಕೊಳವೆಗಳ ರಾಶಿಯ ಮುಂದೆ ನಿಂತು, ಯಾವುದು ಹೊಸ ಸಾವು, ಯಾವುದು ಹಳೆಯದು ಎಂದು ತುಕ್ಕಿನ ಬಣ್ಣದಿಂದ ಅಂದಾಜು ಮಾಡುತ್ತಿದ್ದರು. ಲೆಕ್ಕ ಒಪ್ಪಿಸುವವರೆಗೆ ಆ ಮಾಲೀಕರ ಊಟ ಮುಟ್ಟುತ್ತಿರಲಿಲ್ಲ. ಮೂರು ಬಟ್ಟಲು ಮದ್ಯ ಸುರಿಯದೆ ಮಾತಿಗೆ ಕೂರದ ನಮ್ಮ ಸೀಮೆಯಲ್ಲಿ ಇದು ಸಣ್ಣ ಅವಮಾನವಲ್ಲ. ಮೇಜಿನ ಮೇಲೆ ಕುರಿಮಾಂಸ ಹಬೆಯಾಡುತ್ತಿದ್ದಾಗ ಅವರು ಚೀಲದಿಂದ ಡಬ್ಬಿ ತೆಗೆದು ನವಣೆಯ ಹುಳಿಗಂಜಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಕುಳಿತ ನಾನು ಕುರಿಮಾಂಸ ನೋಡುತ್ತಿದ್ದೆ.

ಇಷ್ಟು ಬಿಗಿಯಾದವರು ಕಠಿಣ ಹೃದಯದವರೆಂದು ಭಾವಿಸಬೇಡಿ. ಒಂದು ಸಣ್ಣ ಕುಲುಮೆಯ ಲೆಕ್ಕ ಹಾಕಿ, ಇದಕ್ಕೆ ಯಾರೂ ದುಡ್ಡು ಹಾಕಬಾರದು ಎಂದು ವರದಿ ಕೊಟ್ಟ ಮೇಲೆ, ರಜೆಯ ದಿನ ನನ್ನನ್ನೂ ಕರೆದುಕೊಂಡು ಅದೇ ಕುಲುಮೆಗೆ ಹೋಗಿ, ಬಿಸಿ ಎಲ್ಲಿ ಸೋರುತ್ತಿದೆ, ಕಲ್ಲಿನ ಪುಡಿಯನ್ನು ಉಂಡೆಯಾಗಿ ಒತ್ತುವ ಯಂತ್ರ ಎಲ್ಲಿ ಚೆಲ್ಲುತ್ತಿದೆ ಎಂದು ಮಾಲೀಕನಿಗೆ ತೋರಿಸಿಕೊಟ್ಟು ಬಂದರು. ಅದಕ್ಕೆ ಶುಲ್ಕ ಪಡೆಯಲಿಲ್ಲ. ಆ ಕುಲುಮೆ ಇಂದಿಗೂ ಉರಿಯುತ್ತಿದೆ.

ಇನ್ನು ಶಿಗೌ. ಅದು ಫೆಂಗ್ಲಾನ್ ಅವರ ತವರು. ಅಲ್ಲಿನ ಹೊಲಗಳ ಕೆಳಗೆ ಕಲ್ಲಿದ್ದಲು ಸಿಕ್ಕಿ, ನೆಲ ಗಣಿಗೆ ಹೋಗಿ, ಪರಿಹಾರದ ಹಣ ಹಳ್ಳಿಯ ಒಟ್ಟು ನಿಧಿಯಾಗಿ ಉಳಿದಿತ್ತು. ಹೊಲ ಮತ್ತೆ ಬರುವಂತಿರಲಿಲ್ಲ. ಮುಂದಿನ ತಲೆಮಾರಿಗೆ ಇದ್ದದ್ದು ಅದೊಂದೇ. ಅದನ್ನು ಪೂರ್ತಿಯಾಗಿ ತಮ್ಮ ಕಾರ್ಖಾನೆಯಲ್ಲಿ ಹೂಡುವಂತೆ ಗಾವ್ ಕೇಳಿದ್ದರು. ಅವರ ಲೆಕ್ಕ ಪರಿಶೀಲಿಸಿ, ಸರಿ ಎಂದು ರುಜು ಹಾಕಲು ಹಳ್ಳಿಯವರು ಫೆಂಗ್ಲಾನ್ ಅವರನ್ನೇ ಕರೆದಿದ್ದರು. ಗಾವ್ ಮೋಸಗಾರರಲ್ಲ. ಹಳ್ಳಿಗೆ ರಸ್ತೆ ಹಾಕಿಸಿದ್ದರು, ಹಬ್ಬಕ್ಕೆ ಹಿರಿಯರಿಗೆಲ್ಲ ಎಣ್ಣೆ ಮತ್ತು ಹಿಟ್ಟು ಹಂಚುತ್ತಿದ್ದರು. ತಮ್ಮ ಲೆಕ್ಕವನ್ನು ತಾವೂ ನಂಬಿದ್ದರು.

ಅವರ ಕುಲುಮೆಗೆ ಗ್ಯಾಸು ಬರುತ್ತಿದ್ದುದು ಪಕ್ಕದಲ್ಲಿದ್ದ ಅವರ ತಮ್ಮನ ಕೋಕ್ ಒಲೆಯಿಂದ. ಕಲ್ಲಿದ್ದಲು ಬೇಯಿಸಿ ಕೋಕ್ ಮಾಡುವಾಗ ಹೇಗೂ ಗ್ಯಾಸು ಹೊರಡುತ್ತದೆ. ನಾವೆಲ್ಲ ಚಿಕ್ಕವರಿದ್ದಾಗ ಅದನ್ನು ಸುಮ್ಮನೆ ಆಕಾಶಕ್ಕೆ ಉರಿಸಿ ಬಿಡುತ್ತಿದ್ದರು. ಕಣಿವೆಯುದ್ದಕ್ಕೂ ಆ ಬೆಂಕಿಯ ಬೆಳಕಿನಲ್ಲೇ ನಾವು ಆಡಿ ಬೆಳೆದದ್ದು. ಆದ್ದರಿಂದ ಈ ಸೀಮೆಯವರ ಮೂಳೆಯಲ್ಲೇ ಗ್ಯಾಸು ಬಿಟ್ಟಿ ಎಂಬುದು ಕೂತುಬಿಟ್ಟಿದೆ. ಹೊರಗಿನವರಾರೂ ಮಾಡದ ತಪ್ಪನ್ನು ನಾವು ಕಣ್ಣು ತೆರೆದುಕೊಂಡೇ ಮಾಡುತ್ತೇವೆ. ನಾನೂ ಮಾಡಿದ್ದೆ.

ಫೆಂಗ್ಲಾನ್ ಅವರು ಸಭೆಯಲ್ಲಿ ಎದ್ದು, ಗ್ಯಾಸಿಗೆ ಎರಡು ಸಾವಿರದ ಆರುನೂರು ಬರೆಯಿರಿ, ಹಿತ್ತಲಿನ ರಾಶಿ ನೋಡಿದರೆ ಕೊಳವೆಗೆ ಐನೂರು ಸಾಲದು, ಸಾವಿರದ ನೂರು ಬರೆಯಿರಿ, ಆಗ ಟನ್ನಿಗೆ ಹದಿನಾರು ಸಾವಿರದ ಇನ್ನೂರು ಬೀಳುತ್ತದೆ, ಮಾರಿದರೆ ಇನ್ನೂರು ನಷ್ಟ ಎಂದರು.

ಗಾವ್ ನಕ್ಕರು. "ಅಕ್ಕಾ, ಗಾಳಿಗೂ ಬೆಲೆ ಕಟ್ತೀರಲ್ಲ. ನಾಳೆ ನಮ್ಮ ಉಸಿರಿಗೂ ಬಿಲ್ಲು ಕಳಿಸ್ತೀರೇನು?"

"ನಿನ್ನ ಉಸಿರು ನಿನ್ನ ತಮ್ಮನ ಮನೆಯಿಂದ ಪೈಪಲ್ಲಿ ಬರ್ತಿದ್ರೆ ಕಳಿಸ್ತಿದ್ದೆ."

ಸಭೆಯೆಲ್ಲ ನಕ್ಕಿತು. ಅವರು ನಗಲಿಲ್ಲ.

"ಝಾನ್‌ಕುಯಿ, ಹೋದ ಚಳಿಗಾಲ ಕೋಕ್ ಮಾರಾಟ ಆಗದೆ ಅಂಗಳದಲ್ಲಿ ಗುಡ್ಡ ಬಿದ್ದಿತ್ತಲ್ಲ, ಆಗ ನಿನ್ನ ತಮ್ಮ ಒಲೆ ಆರಿಸಿದನಾ?"

"ಆರಿಸೋದು ಹೇಗೆ? ಆರಿಸಿದ್ರೆ ನನ್ನ ಕುಲುಮೆ ತಣ್ಣಗಾಗುತ್ತೆ."

"ಹಾಗಾದ್ರೆ ಬೇಡದ ಕೋಕ್ ಮಾಡೋಕೆ ಸುಟ್ಟ ಕಲ್ಲಿದ್ದಲು ಯಾರ ಲೆಕ್ಕ? ಅದೇ ನಿನ್ನ ಗ್ಯಾಸಿನ ಬೆಲೆ. ನೀನು ತೆತ್ತಿಲ್ಲ, ನಿನ್ನ ತಮ್ಮ ತೆತ್ತಿದಾನೆ. ಅವನು ಸಾಕು ಅಂದ ದಿನ ಇಲ್ಲಿ ಕೂತಿರೋರು ತೆರಬೇಕು."

ಆಗ ಎದ್ದವರು ಫೆಂಗ್ಲಾನ್ ಅವರ ಸ್ವಂತ ಅಣ್ಣ ಚಾಂಗ್‌ಮಾವ್. ಅವರ ಮಗನಿಗೆ ಹೆಣ್ಣು ಗೊತ್ತಾಗಿತ್ತು. ಪಟ್ಟಣದಲ್ಲಿ ಮನೆ ಕೊಳ್ಳದೆ ಮಗಳನ್ನು ಕಳಿಸುವುದಿಲ್ಲ ಎಂದು ಹೆಣ್ಣಿನವರು ಹೇಳಿದ್ದರು. ಗಾವ್ ಕೊಡುವ ಲಾಭಾಂಶದ ಮೇಲೆ ಆ ಮನೆ ನಿಂತಿತ್ತು.

"ಫೆಂಗ್ಲಾನ್, ಊರು ಬಿಟ್ಟು ಹೋದೋಳು ನೀನು. ಊರಿನ ದುಡ್ಡಿಗೆ ಅಡ್ಡ ಯಾಕೆ ನಿಲ್ತೀಯ? ಒಂದು ರುಜು ಹಾಕು, ಸಾಕು."

"ಅಣ್ಣಾ, ಮನೆಗೆ ಬೇಕಾದ್ರೆ ನನ್ನ ಉಳಿತಾಯ ತಗೋ. ರುಜು ಕೇಳಬೇಡ."

"ನಿನ್ನ ಭಿಕ್ಷೆ ಯಾರಿಗೆ ಬೇಕು? ರುಜು ಹಾಕ್ತೀಯೋ ಇಲ್ವೋ?"

"ಇಲ್ಲ."

ಆ ಒಂದು ಪದವನ್ನು ಅವರು ಹೇಳಿದ ರೀತಿ ಇನ್ನೂ ನನ್ನ ಕಿವಿಯಲ್ಲಿದೆ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೈ ಎತ್ತಿಸಿ ಮತ ಕೇಳಿದಾಗ, ಅವರ ರುಜು ಇಲ್ಲದ ಲೆಕ್ಕಕ್ಕೆ ಹೆದರಿದವರೇ ತುಸು ಹೆಚ್ಚಾಗಿ, ಹೂಡಿಕೆ ನಿಂತುಹೋಯಿತು. ಗಾವ್ ನೆರೆಯ ಹಳ್ಳಿಯ ಹಣ ತಂದರು.

ಮುಂದೆ ಆದದ್ದನ್ನು ಅವರ ಟೀಕಾಕಾರರು ಇಂದಿಗೂ ಎತ್ತಿ ಆಡುತ್ತಾರೆ, ನಾನೂ ಮುಚ್ಚಿಡುವುದಿಲ್ಲ. ಮರುವರ್ಷ ಲೋಹದ ಬೆಲೆ ಎರಡು ಪಟ್ಟಾಯಿತು. ನೆರೆಯ ಹಳ್ಳಿಯವರು ಎರಡು ವರ್ಷ ಕೈತುಂಬ ಲಾಭ ಎಣಿಸಿದರು. ಚಾಂಗ್‌ಮಾವ್ ಅವರ ಮಗನ ಸಂಬಂಧ ಮುರಿದುಬಿತ್ತು. ಸಂತೆಯಲ್ಲಿ ಫೆಂಗ್ಲಾನ್ ಅವರನ್ನು ಕಂಡರೆ ಶಿಗೌ ಹೆಂಗಸರು, "ಸೊನ್ನೆ ಅಕ್ಕ ಬಂದರು, ನಿಮ್ಮ ನೆರಳಿಗೂ ದರ ಹಾಕ್ತಾರೆ, ಪಕ್ಕಕ್ಕೆ ಸರೀರಿ" ಎನ್ನುತ್ತಿದ್ದರು. ವರದಿಯನ್ನು ಹಿಂದಕ್ಕೆ ಪಡೆದು ಕ್ಷಮೆ ಕೇಳಿದರೆ ಒಳ್ಳೆಯದಲ್ಲವೇ ಎಂದು ಕಚೇರಿಯ ಹಿರಿಯರೊಬ್ಬರು ಸೂಚಿಸಿದರು.

"ನಾನು ತಯಾರಿಕೆ ಖರ್ಚು ಹೇಳಿದೀನಿ, ಮಾರುಕಟ್ಟೆ ಭವಿಷ್ಯ ಹೇಳಿಲ್ಲ. ಬೆಲೆ ಏರಿದ್ರೆ ಖರ್ಚು ಕಡಿಮೆ ಆಗಲ್ಲ ಸ್ವಾಮಿ" ಎಂದು ಹೇಳಿ ಅವರು ಮುಂದಿನ ಕಾರ್ಖಾನೆಯ ಹಿತ್ತಲಿಗೆ ಹೊರಟರು. ನಾನು ದಿಂಬು ಹಿಡಿದು ಹಿಂದೆ ನಡೆದೆ.

ಮೂರನೆಯ ವರ್ಷ ಬೆಲೆ ಇದ್ದಲ್ಲಿಗೆ ಬಂತು. ಹಳೆಯ ಸಣ್ಣ ಕೋಕ್ ಒಲೆಗಳನ್ನು ಮುಚ್ಚುವ ಆದೇಶವೂ ಬಂತು. ತಮ್ಮನ ಒಲೆ ಆರಿತು, ಅಣ್ಣನ ಕುಲುಮೆ ತಣ್ಣಗಾಯಿತು. ನೆರೆಯ ಹಳ್ಳಿಯವರು ಎಣಿಸಿದ ಲಾಭ ಅವರ ಕೈಯಲ್ಲಿದೆ. ಹಾಕಿದ ಅಸಲು ಇನ್ನೂ ಸಿಕ್ಕಿಲ್ಲ. ಗಾವ್ ಈಗ ಹೊರಗಿನಿಂದ ಗ್ಯಾಸು ಕೊಂಡು ಕಾರ್ಖಾನೆ ನಡೆಸುತ್ತಿದ್ದಾರೆ. ಹಾಗೆ ಮತ್ತೆ ಶುರು ಮಾಡುವ ಮೊದಲು ಲೆಕ್ಕ ಹಾಕಿಸಲು ಅವರು ಬಂದದ್ದು ಯಾರ ಬಳಿಗೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಸಂಪುಟದ ಅಚ್ಚಿನ ಖರ್ಚಿನಲ್ಲಿ ಒಂದು ಪಾಲು ಗಾವ್ ಅವರದೇ.

ಹೀಗಾದುದರಿಂದ ಫೆಂಗ್ಲಾನ್ ಅವರು ಸರಿ ಎಂದು ನಾನು ಹೇಳುತ್ತಿಲ್ಲ. ಬೆಲೆ ಇಳಿಯದೇ ಇದ್ದಿದ್ದರೂ, ಒಲೆ ಆರದೇ ಇದ್ದಿದ್ದರೂ, ಆ ಸೊನ್ನೆ ತಪ್ಪೇ ಆಗಿರುತ್ತಿತ್ತು. ಅದನ್ನು ಒಪ್ಪದೇ ನಿಂತದ್ದು ಸರಿಯೇ ಆಗಿರುತ್ತಿತ್ತು. ಇದನ್ನು ಅಚ್ಚಿನಲ್ಲಿ ಹೇಳಬೇಕೆಂದೇ ನಾನು ಹಟ ಹಿಡಿದದ್ದು.

ನಿವೃತ್ತಿಯ ನಂತರವೂ ಅವರ ಕಾಲಿನಲ್ಲಿ ಹಿತ್ತಲುಗಳಿಗೆ ನಡೆಯುವ ಬಲ ಇರಲಿ, ನೂರು ವರ್ಷ ಅವರ ಗಂಜಿ ಡಬ್ಬಿ ಬಿಸಿಯಾಗಿರಲಿ, ದುಡ್ಡು ಹಾಕಹೊರಟವರು ಇನ್ನು ಮುಂದೆಯೂ ಅವರ ಬಾಗಿಲು ತಟ್ಟಲಿ.

ಶಿಗೌ ಹಳ್ಳಿ ಎರಡು ವರ್ಷದ ಲಾಭ ಕಳೆದುಕೊಂಡು ಅಸಲನ್ನು ಉಳಿಸಿಕೊಂಡಿತು. ಫೆಂಗ್ಲಾನ್ ಅವರು ತಮ್ಮ ಹೆಸರನ್ನು ಉಳಿಸಿಕೊಂಡು ಅಣ್ಣನನ್ನು ಕಳೆದುಕೊಂಡರು. ಹೊಸ ವರ್ಷಕ್ಕೆ ಅವರು ಈಗಲೂ ಖರ್ಜೂರದ ಹಬೆರೊಟ್ಟಿ ಮಾಡಿ ತವರಿಗೆ ಒಯ್ಯುತ್ತಾರೆ. ಚಾಂಗ್‌ಮಾವ್ ಇನ್ನೂ ಬಾಗಿಲು ತೆರೆದಿಲ್ಲ.